ಸೀಜನ್ ಇಲ್ಲದ ವಾರಿಯೂ ನನ್ನ ಹಲ್ಲಿನ ಕ್ಯಾಪೂ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲಾದ ಅಕ್ಕಲಕೋಟದಾಗ ನಂದೊಂದು ಝೆರಾಕ್ಸ್ ಅಂಗಡಿ ಅದ. ಆಷಾಢ ಬಂತಂದ್ರ ಅರ್ಧ ಜಿಲ್ಲಾ ವಿಠ್ಠಲನ ದರ್ಶನಕ್ಕ ಪಂಢರಪುರದ ಕಡೆ ಮಾರಿ ಮಾಡಿ ನಡೀತದ, ಅದಕ್ಕ ವಾರಿ ಅಂತಾರ, ಉಳಿದ ಅರ್ಧ ನನ್ನ ಅಂಗಡಿ ಕಡೆ ಮಾರಿ ಮಾಡಿ ನಿಂತಿರ್ತದ, ಯಾಕಂದ್ರ ಅಡ್ಮಿಶನ್ನೂ ಅದೇ ಟೈಮಿಗೇ ಬರ್ತಾವ, ಜಾತಿ ದಾಖಲೆ, ಆದಾಯದ ದಾಖಲೆ, ಎಲ್ಲಾದಕ್ಕೂ ಮೂರು ಮೂರು ಕಾಪಿ. ಕಾರ್ತಿಕಿಗಾದ್ರೂ ಹೋಗೋಣಂದ್ರ ಸ್ಕಾಲರ್‌ಶಿಪ್ ಫಾರ್ಮ್. ಮಾಘಿಗೆ ಹಾಲ್ ಟಿಕೀಟ್. ಚೈತ್ರಿಗೆ ಫಾರ್ಮಿನ ಕಾಟ ಇರಂಗಿಲ್ಲ ಖರೆ, ಆದ್ರ ನಮ್ಮ ಕಡೆ ಆಗಿನ ಬಿಸಲಾಗ ನಡದ್ರ ಪಂಢರಪುರ ಅಲ್ಲ, ಸೀದಾ ವೈಕುಂಠನೇ. ಹಿಂಗ ವರ್ಷಕ್ಕ ನಾಕು ವಾರಿ, ನಾಕಕ್ಕೂ ನಾ ಗೈರಹಾಜರ್.

ಮಗ ಹತ್ತನೇತ್ತೆ ಪಾಸಾದ್ರ ನಡಕೋತ ಬರ್ತೀನಪ್ಪಾ ಅಂತ ಬೇಡಿಕೊಂಡಿದ್ದೆ. ಅಂವ ಪಾಸಾಗಿ, ಡಿಪ್ಲೊಮಾನೂ ಮುಗಿಸಿ, ಈಗ ನನಗೇ "ಪಪ್ಪಾ ನಿಮ್ಮ ಪ್ರಿಂಟರ್ ಸೆಟ್ಟಿಂಗ್ ತಪ್ಪದ" ಅಂತಾನ. ದೇವರ ಬಾಕಿ ಮೂರು ವರ್ಷದ್ದಾತು. ಅದಕ್ಕ ಡಿಸೆಂಬರ್ ಕಡೀ ವಾರ, ಯಾವ ಫಾರ್ಮೂ ಇಲ್ಲ, ಯಾವ ಏಕಾದಶಿ ಜಾತ್ರಿನೂ ಇಲ್ಲ, ಥಂಡಿ ಹವಾ, ಒಬ್ಬನೇ ಹೊಂಟುಬಿಡೂದು ಅಂತ ಠರಾವ್ ಮಾಡ್ದೆ. ಹೆಂಡ್ತಿ ಅಂದ್ಲು, "ದೇವ್ರಿಗೂ ಒಂದ್ ನಾಕ್ ದಿನ ರಜಾ ಬ್ಯಾಡೇನು?"

ಸೊಲ್ಲಾಪುರ ತನಕ ಸುಮಾರು 40 ಕಿಲೋಮೀಟರ್. ಅಲ್ಲಿಂದ ಮಂಗಳವೇಢಾ ಮ್ಯಾಲಿಂದ ಪಂಢರಪುರ 80ರ ಆಸುಪಾಸು. ಐದು ದಿನದ ಲೆಕ್ಕ. ಹೊಸಾ ಬೂಟ್, ಎರಡೆರಡು ಸಾಕ್ಸ್, ಬೆನ್ನಿಗೆ ಮಗನ ಹಳೇ ಕಾಲೇಜ್ ಬ್ಯಾಗ್.

ವಾರಿಯೊಳಗ ದಿಂಡಿ ಕಟ್ಟಿಕೊಂಡು, ಅಂದ್ರ ಗುಂಪು ಗುಂಪಾಗಿ, ಹೋದವರಿಗೆ ಗೊತ್ತದ, ಅಲ್ಲಿ ನಡಿಯೋದು ನಾವಲ್ಲ, ರಸ್ತಾನೇ ನಮ್ಮನ್ನ ನಡಸ್ತದ. ಹತ್ತು ಹೆಜ್ಜಿಗೊಬ್ಬರು ಚಹಾ ಹಿಡದು ನಿಂತಿರ್ತಾರ, ಒಬ್ಬಾಂವ ಕಾಲು ಒತ್ತತಾನ, ಒಬ್ಬಾಂವ ಚಪ್ಪಲಿ ಹೊಲದು ಕೊಡ್ತಾನ, ಎಲ್ಲಾರಿಗೂ ಎಲ್ಲಾರೂ "ಮಾವುಲಿ", ಅಂದ್ರ ತಾಯಿ. ಸೀಜನ್ ಮುಗದ ಮ್ಯಾಲ ಅದೇ ರಸ್ತಾದಾಗ ಅದೇ ಮನಶ್ಯಾ ನಡದ್ರ ಅಂವ ಮಾವುಲಿ ಅಲ್ಲ, ಗಾಡಿ ಕೆಟ್ಟಾಂವ.

ಖರೇನ ಹೇಳ್ತೀನಿ, ವಳಸಂಗ ಮುಟ್ಟೂದರಾಗ ಹದಿನಾಕು ಮಂದಿ ಗಾಡಿ ನಿಲ್ಲಿಸಿದ್ರು. "ಪೆಟ್ರೋಲ್ ಮುಗೀತೇನ್ರಿ?" "ಪಂಕ್ಚರೇನ್ರಿ?" ನಡಕೋತ ಪಂಢರಪುರಕ್ಕ ಹೊಂಟೀನಿ ಅಂದ್ರ ಮಂದಿ ನನ್ನ ಮಾರಿ ನೋಡಿ, ಆಕಾಶ ನೋಡಿ, "ಈಗ್ಯಾವ ವಾರಿರೀ?" ಅಂತಿದ್ರು. ಎಸ್‌ಟಿ, ಅಂದ್ರ ಸರಕಾರಿ ಬಸ್ಸಿನ ಕಂಡಕ್ಟರ್ ಒಬ್ಬಾಂವ ಬಸ್ಸೇ ನಿಲ್ಲಿಸಿ, ರೊಕ್ಕ ಇಲ್ಲಂದ್ರ ಆಮ್ಯಾಲ ಕೊಡ್ರಿ, ಹತ್ತ್ರಿ ಅಂದ. ಬಸ್ಸಿನಾಗಿನ ಮಂದೆಲ್ಲಾ ಖಿಡಕಿಯಿಂದ ಇಣಕಿ ನೋಡಾಕತ್ತಿತು, ಅದರಾಗ ನನ್ನ ಗಿರಾಕಿಗಳೇ ನಾಕು ಮಂದಿ. ಅಷ್ಟೇ ಸಾಕಾತು. ಹನ್ನೊಂದು ಗಂಟೆಗೆ ಮನಿಯಿಂದ ಫೋನ್: "ಊರಾಗೆಲ್ಲಾ ನಾ ನಿಮ್ಮನ್ನ ಮನಿ ಬಿಟ್ಟು ಹೊರಗ ಹಾಕೀನಿ ಅಂತ ಸುದ್ದಿ ಆಗ್ಯಾದ. ಬಾಜೂದ ಕಾಕು ಸಮಾಧಾನ ಮಾಡಾಕ ಬಂದು ಕುಂತಾಳ. ಆಕಿಗೆ ನೀವೇ ಮಾತಾಡ್ರಿ." ರಸ್ತಾದ ಮ್ಯಾಲ ನಿಂತು ಕಾಕುಗೆ ನಮ್ಮ ಸಂಸಾರ ಸುಖವಾಗ್ಯದ ಅಂತ ಹತ್ತು ನಿಮಿಷ ಸಾಕ್ಷಿ ಹೇಳ್ದೆ.

ಬೂಟಿನ ಸುದ್ದಿ ಜಾಸ್ತಿ ಹೇಳಂಗಿಲ್ಲ. ಎರಡನೇ ದಿನ ಸೊಲ್ಲಾಪುರದಾಗ ತಂಗಿ ಮನ್ಯಾಗ ಸಾಕ್ಸ್ ತಗದಾಗ ಅಳಿಯ ಕೂಸು ನನ್ನ ಗುಳ್ಳಿ ಎಣಸಿ "ಮಾಮಾ, ಏಳು" ಅಂತು. ಬೂಟ್ ಅಲ್ಲೇ ಬಿಟ್ಟೆ. ಮುಂದಿನ ವಾರಿ ಎಲ್ಲಾ ರಬ್ಬರ್ ಚಪ್ಪಲಿ ಮ್ಯಾಲ.

ಮೂರನೇ ದಿನ ತಿರ್ಹೆ ದಾಟಿ ಕಾಮತಿ ಕಡೆ. ಡಿಸೆಂಬರ್ ಅಂದ್ರ ನಮ್ಮ ಜಿಲ್ಲಾದಾಗ ಕಬ್ಬಿನ ಕಾಲ, ಫ್ಯಾಕ್ಟರಿ ಚಾಲೂ, ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ, ಮುಂದ ಡಬ್ಬಿಯಷ್ಟು ಟೇಪಿಂದ ಊರಿಗೆಲ್ಲಾ ಕೇಳೂ ಹಂಗ ಹಾಡು ಹಚ್ಚಿ ಸಾಲಹಿಡದು ಹೊಂಟಿರ್ತಾವ. ಧಾಬಾ ಮುಂದ ಚಹಾಕ್ಕ ನಿಂತ ಒಬ್ಬ ಡ್ರೈವರ್ ನನ್ನ ನೋಡಿ, ಪಾಪ ಅನಿಸಿತೇನೋ, ಕಬ್ಬಿನ ಒಂದು ಗಳ ಎಳದು ಕೊಟ್ಟ. ಐದು ದಿನದಾಗ ಯಾರೂ ಕಾರಣ ಕೇಳದ ಕೊಟ್ಟದ್ದು ಅದೊಂದೇ. ಖುಷಿಲಿಂದ ಹಲ್ಲಿಲೇ ಸುಲದು ತಿನಕೋತ ಹೊಂಟೆ. ಮೂರನೇ ಗೆಣ್ಣಿಗೆ ಬಾಯಾಗ ಏನೋ ಹಗುರಾದಂಗ ಆತು. ನಾಲಿಗಿ ಹಾಕಿ ನೋಡಿದ್ರ ಬಲಗಡೆ ದವಡಿ ಹಲ್ಲಿನ ಕ್ಯಾಪೇ ಇಲ್ಲ. ನಾಕು ಸಾವಿರ ರೂಪಾಯಿದು. ಅಗದ ಸಿಪ್ಪಿ ಜೋಡಿ ಉಗುಳಿಬಿಟ್ಟೀನಿ.

ಹಿಂದ ತಿರಗಿ ಹೈವೇ ದಂಡಿಗೆ ಕುಕ್ಕರಗಾಲಿಲೇ ಕುಂತು, ನಾನೇ ಉಗುಳಿದ ಸಿಪ್ಪಿ ಒಂದೊಂದೇ ಬಿಡಿಸಿ ನೋಡಾಕ ಸುರು ಮಾಡ್ದೆ. ಒಂದು ಬೈಕ್ ನಿಂತಿತು. "ಕಾಯ್ ಹರವಲಂ?" ಏನು ಕಳೀತು ಅಂತ ಕೇಳಿದ. ಮರಾಠಿಯೊಳಗ ಕ್ಯಾಪಿಗೆ ಏನಂತಾರ ಅಂತ ಆ ಗಡಿಬಿಡಿಯಾಗ ಹೊಳೀಲಿಲ್ಲ, "ದಾತ್... ದಾತಾಚಂ", ಹಲ್ಲಿಂದು, ಅಂದೆ. ಅವನಿಗೆ ಬಂಗಾರದ ಹಲ್ಲು ಅಂತ ಅನಿಸಿತು. ಅಂವ ಇಳದ. ಅವನ ಹಿಂದಿನಾಂವ ಇಳದ. ಒಬ್ಬ ಅಜ್ಜ ಎಮ್ಮಿ ಬಿಟ್ಟು ಬಂದ. ಸಾಲಿ ಹುಡುಗ್ರು ಸೈಕಲ್ ಚೆಲ್ಲಿ ಬಂದ್ರು. ಹತ್ತು ನಿಮಿಷದಾಗ ಒಂದು ಡಜನ್ ಮಂದಿ ಸೊಂಟ ಬಗ್ಗಿಸಿ ನನ್ನ ಎಂಜಲಾ ಸಿಪ್ಪಿ ಹುಡುಕಲಿಕ್ಕತ್ತಿದ್ರು, ಎಮ್ಮಿ ಒಂದೇ ಶಾಣ್ಯಾದು, ಸಿಪ್ಪಿ ತಿನಕೋತ ನಿಂತಿತ್ತು. ಮೂರು ದಿನ ಒಬ್ಬನೇ ನಡದೀನಿ, ಅವತ್ತು ನನಗೂ ಒಂದು ದಿಂಡಿ ಆತು ನೋಡ್ರಿ. ಅಂತೂ ಒಂದು ಹುಡುಗಿ "ಹೇ ಕಾಯ್?", ಇದೇನು, ಅಂತ ಬೆಳ್ಳಗಿನ ಹಳಕು ಎತ್ತಿ ತೋರಿಸಿತು. ಬಂಗಾರ ಅಲ್ಲ ಅಂತ ಗೊತ್ತಾದ ಕೂಡಲೇ ದಿಂಡಿ ಚದುರಿತು. ಅಜ್ಜ ಒಬ್ಬನೇ ಹೋಗೂಮುಂದ ಅಂದ, "ನನ್ನವು ಒಂದೂ ಇಲ್ಲ, ನಾ ಹುಡುಕೇನೇನು?" ಅದೂ ಅಚ್ಚ ಕನ್ನಡದಾಗ!

ಕ್ಯಾಪ್ ತೊಳದು ಮಾತ್ರಿ ಡಬ್ಬಿಯಾಗ ಇಟ್ಟೆ.

ಆ ರಾತ್ರಿ ಭೀಮಾ ದಾಟಿ ಮಾಚಣೂರು, ಸಿದ್ಧೇಶ್ವರ ಗುಡಿ. ನದಿ ದಂಡಿ, ಭಾಳ ಛಂದ ಜಾಗಾ. ಇಳಕೊಳ್ಳೂ ಖೋಲಿ ಕೀಲಿ ಇದ್ದಾಂವ ಲಗ್ನಕ್ಕ ಹೋಗಿದ್ದ, ಹಿಂಗಾಗಿ ಕಟ್ಟೀ ಮ್ಯಾಲೇ ಬಿದ್ದೆ. ಬಾಜೂಕೇ ಬ್ರಹ್ಮಪುರಿ, ಔರಂಗಜೇಬ 1695ರಿಂದ 1699ರ ತನಕ ಇಲ್ಲೇ ಠಾಣ್ಯಾ ಹಾಕಿದ್ದ. ನಾಕು ವರ್ಷ! ನಾ ಒಂದು ಚಾದರದಾಗ ನಾಕು ತಾಸು ತಡೀಲಿಲ್ಲ. ಮ್ಯಾಲ ನಾಯಿಗೋಳ ಕಾಟ ಬ್ಯಾರೆ. ವಾರಿ ಟೈಮಿನಾಗ ಸಾವಿರಾರು ಮಂದಿ ದಾಟಿದ್ರೂ ಸುಮ್ಮ ಬಿದ್ದಿರೂ ನಾಯಿಗೋಳು, ಒಬ್ಬಾಂವ ಬಂದ್ರ ಕಳ್ಳ ಅಂತ ಖಾತ್ರಿ ಮಾಡಿಕೊಂಡಿರ್ತಾವ.

ಮರುದಿನ ಮೊಬೈಲ್ ಮ್ಯಾಪು ಹತ್ತಿರದ ದಾರಿ ತೋರಿಸ್ತೀನಿ ಅಂತ ಜ್ವಾಳದ ಹೊಲದಾಗ ಇಳಿಸಿತು. ಮಂಗಳವೇಢಾದ ಕರೀ ನೆಲ, ಎದಿಮಟ ಮಾಲದಂಡಿ ಜ್ವಾಳ, ನಡಬರಕ ನೆಟ್‌ವರ್ಕ್ ಹೋತು. ಸುಂಯ್ ಅಂತ ಕಿವಿ ಬಾಜೂಕ ಒಂದು ಕಲ್ಲು ಹೋತು. ಅಟ್ಟದ ಮ್ಯಾಲ ಕವಣಿ ಹಿಡದು ಹಕ್ಕಿ ಕಾಯಾಂವ, ಜ್ವಾಳ ಅಲಗಾಡಿದ್ದು ನೋಡಿ ಹಂದಿ ಅಂತ ಬೀಸಿದ್ದ. ಎರಡೂ ಕೈ ಮ್ಯಾಲ ಎತ್ತಿ ಹೊರಗ ಬಂದೆ. ಇಬ್ಬರೂ ಹರಕು ಮುರಕು ಮರಾಠಿಯೊಳಗ ಒಂದಿಷ್ಟು ಜಗಳಾಡಿದ್ವಿ, ಆಮ್ಯಾಲ ಅವನ ಹೆಂಡ್ತಿ ಹಿಂದಿಂದ "ಬಿಡ್ರೀ, ಪಾಪ, ಅವ್ರಿಗೆ ಹಸದಂಗ ಕಾಣ್ತದ" ಅಂತ ಕನ್ನಡದಾಗ ಅಂದ್ಲು. ನಮ್ಮ ಗಡಿ ಭಾಗದಾಗ ಇದು ರೋಜಿನ ನಾಟಕ ಬಿಡ್ರಿ, ಇಬ್ಬರು ಕನ್ನಡದವರು ಭೇಟಿಯಾದ್ರ ಮದಲ ಹತ್ತು ನಿಮಿಷ ಮರಾಠಿನೇ.

ಸೀತನಿ, ಅಂದ್ರ ಎಳೀ ಜ್ವಾಳದ ತೆನಿ, ಸುಡಾಕತ್ತಿದ್ರು. ಕುಣಿಯಾಗ ಕುಳ್ಳಿನ ಕೆಂಡ, ಅದರಾಗ ಹಾಲ್ದೆನಿ ಹುಗದು, ಬಿಸಿ ಬಿಸಿ ಇದ್ದಾಗ್ಲೇ ಅಂಗೈಯಾಗ ತಿಕ್ಕಿ, ಊದಿ, ಹಸರು ಕಾಳು ನನ್ನ ಬೊಗಸಿಗೆ ಹಾಕಿದ್ರು, ಮ್ಯಾಲ ಶೇಂಗಾ ಚಟ್ನಿ, ಒಂದು ಚೂರು ಬೆಲ್ಲ. ಕ್ಯಾಪ್ ಇಲ್ಲದ ಹಲ್ಲಿನಾಗ ಕಾಳು ಸಿಗಬಿದ್ದು ಜೀವ ಹೋಗ್ತಿತ್ತು, ಬಾಯಿ ಮಾತ್ರ ನಿಲ್ಲವಲ್ದು. ಇದೇ ಮಂಗಳವೇಢಾದಾಗ ಬಾದಶಾಹನ ಅಧಿಕಾರಿ ದಾಮಾಜಿ ಪಂತ ಬರಗಾಲದಾಗ ಅವನ ಕಾಳಿನ ಹಗೇವು ತಗದು ಮಂದಿಗೆ ಕಾಳು ಹಂಚಿದ್ದ, ಆ ರೊಕ್ಕ ವಿಠ್ಠಲನೇ ಬಂದು ಕಟ್ಟಿದ ಅಂತ ಕಥಿ. ಬಸವಣ್ಣನೂ ಬಿಜ್ಜಳನ ಕಡೆ ಕರಣಿಕ ಆಗಿದ್ದದ್ದು ಇಲ್ಲೇ. ಅಂದ್ರ ಕಾಗದಪತ್ರದ ಮಂದಿಗೆ ಈ ಊರು ಕೂಡಿ ಬರ್ತದ ಅಂತ ನನಗ ಅನಿಸಿತು, ಕಲ್ಲು ತಪ್ಪಿದ್ದೂ ಅದಕ್ಕೇ ಇರಬೇಕು.

ಐದನೇ ದಿನ ಪಂಢರಪುರ. ಆಷಾಢಿಗೆ ತಾಸುಗಟ್ಟಲೆ ನಿಂತ್ರೂ ಮುಗೀಲಾರದ ಪಾಳಿ, ಅವತ್ತು ಅರ್ಧಾ ತಾಸಿನಾಗ ಒಳಗ. ಗುಡಿ ಬಾಗಲದಾಗಿನ ಮೆಟ್ಟಲಕ್ಕ, ಸಂತ ನಾಮದೇವನ ಹೆಸರಿನ ನಾಮದೇವ ಪಾಯರಿಗೆ, ಹಣಿ ಮುಟ್ಟಿಸಿ ಹೋದೆ. ವಿಠ್ಠಲ ಇಟ್ಟಂಗಿ ಮ್ಯಾಲ ಸೊಂಟಕ್ಕ ಕೈ ಇಟ್ಟು ನಿಂತಾನ, ನಾನೂ ನಡಾ ಹಿಡಕೊಂಡು ಹಂಗೇ ನಿಂತಿದ್ದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ವಿ. ಸಂತ ಜ್ಞಾನೇಶ್ವರರೇ ಅವನನ್ನ "ಕಾನಡಾ", ಅಂದ್ರ ಕನ್ನಡದಾಂವ, ಅಂದಾರ, ಹಂಗಾಗಿ ಮರಾಠಿ ಬ್ಯಾಡ ಅಂತ ಕನ್ನಡದಾಗೇ ಸುರು ಮಾಡ್ದೆ, "ಮೂರು ವರ್ಷ ತಡಾ ಆತು, ಅದೇನಂದ್ರ ಅಡ್ಮಿಶನ್..." ಅಷ್ಟರಾಗ ಪಾದದ ಬಾಜೂ ನಿಂತಾಂವ "ಚಲಾ, ಚಲಾ" ಅಂತ ನನ್ನ ಕುತ್ತಿಗಿ ಹಿಡದು ಮುಂದ ಸರಿಸಿದ. ಹಿಂದ ನೋಡಿದ್ರ ಎರಡೇ ಮಂದಿ.

ಹೆಂಡ್ತಿಗೆ ಫೋನ್ ಮಾಡ್ದೆ. "ಆತೇನು ದರ್ಶನ? ಬಸ್ಸಿಗೆ ಬರ್ರಿ. ನನ್ನ ಕರಕೊಂಡು ಹೋಗಿದ್ರ ನನಗರ ಅರ್ಧಾ ಟಿಕೀಟಿತ್ತು," ಅಂದ್ಲು. 2023ರಿಂದ ಹೆಣ್ಮಕ್ಕಳಿಗೆ ಎಸ್‌ಟಿಯೊಳಗ ಅರ್ಧಾ ಟಿಕೀಟ್ ಆದಾಗಿಂದ ಆಕಿಗೆ ನನ್ನ ಪೂರಾ ಟಿಕೀಟು ದಂಡದ ಖರ್ಚು ಅನಸ್ತದ.

ಬಸ್ಸಿನಾಗ ಬಾಜೂ ಕುಂತಾಂವ ನನ್ನ ಪಟ್ಟಿ ಸುತ್ತಿದ ಕಾಲು ನೋಡಿದ, ಉಬ್ಬಿದ ಗಲ್ಲ ನೋಡಿದ, ಎಲ್ಲಿಗ್ರೀ ಅಂತ ಕೇಳಿದ. ವಾರಿ ಅನ್ನೂದು ತುಟಿ ತನಕ ಬಂದಿತ್ತು. "ಹಲ್ಲಿನ ಡಾಕ್ಟರ್ ಕಡೆ" ಅಂದೆ.

"ಹಾಂ, ಮತ್ತ! ಹೋಗಬೇಕ್ರಿ," ಅಂದು ಅಂವ ಕೂಡಲೇ ಸರದು ಜಾಗಾ ಮಾಡಿಕೊಟ್ಟ.