ಮುಯ್ಯಿ ಪುಸ್ತಕ

ನಮ್ಮ ಮನೆ ಅಟ್ಟದ ಟ್ರಂಕಿನಲ್ಲಿ ನನ್ನ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಇದೆ. ಯಾರು ಎಷ್ಟು ಓದಿಸಿದರು ಅನ್ನುವ ಲೆಕ್ಕ. ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ಅಮ್ಮ ಅದನ್ನು ತೆಗೆದು ನೋಡಿ, ಸ್ವಲ್ಪ ಸೇರಿಸಿ, ತಿರುಗಿ ಮುಯ್ಯಿ ಮಾಡುತ್ತಾರೆ.

ಇದೇ ಮುಯ್ಯಿ ಜಗಳಕ್ಕೂ ಬರುತ್ತದೆ. ಮುಯ್ಯಿಗೆ ಮುಯ್ಯಿ. ಸಾಲದ ಹಾಗೆ ಸೇಡನ್ನೂ ತೀರಿಸಿಕೊಳ್ಳುತ್ತೇವೆ. ತಾತ್ಸಾರಕ್ಕೆ ಮಾತ್ರ ಪುಸ್ತಕವಿಲ್ಲ. ಮೂಗು ಮುರಿದರೆ ಮುಗಿಯಿತು. ಸೇಡಿಗಾದರೆ ವರ್ಷಗಟ್ಟಲೆ ಹಲ್ಲು ಮಸೆಯಬೇಕು. ಲಾಭ ಹಲ್ಲಿನ ಡಾಕ್ಟರಿಗೆ.

ದ್ರೋಣ, ದ್ರುಪದ ಒಟ್ಟಿಗೆ ಓದಿದವರು. ಬಡತನ ತಾಳದೆ ದ್ರೋಣ ಹಳೆಯ ಗೆಳೆಯನ ಅರಮನೆಗೆ ಹೋದ. ರಾಜನಿಗೂ ಬಡವನಿಗೂ ಎಂಥ ಸ್ನೇಹ ಅಂದುಬಿಟ್ಟ ದ್ರುಪದ. ಅಂದು, ಬಹುಶಃ ಊಟಕ್ಕೆ ಎದ್ದುಹೋಗಿರಬೇಕು. ದ್ರೋಣ ಮರೆಯಲಿಲ್ಲ. ಹಸ್ತಿನಾಪುರದ ಹುಡುಗರಿಗೆ ಬಿಲ್ಲುವಿದ್ಯೆ ಕಲಿಸಿ, ದಕ್ಷಿಣೆಯಾಗಿ ದ್ರುಪದನನ್ನೇ ಹಿಡಿದು ತನ್ನಿ ಅಂದ. ಅರ್ಜುನ ತಂದ. ಆಮೇಲಿನದು ನೋಡಿ: ದ್ರೋಣ ಕೊಲ್ಲಲಿಲ್ಲ. ಅರ್ಧ ರಾಜ್ಯ ತಾನಿಟ್ಟುಕೊಂಡು ಇನ್ನರ್ಧ ವಾಪಸ್ ಕೊಟ್ಟ. ಈಗ ಇಬ್ಬರೂ ಸಮ, ಇನ್ನು ಸ್ನೇಹ ಆಗಬಹುದಲ್ವಾ ಅಂತ. ಪಾಪ, ಅಷ್ಟು ವರ್ಷ ಅವನಿಗೆ ಬೇಕಿದ್ದದ್ದು ಇದೇ ಏನೋ. ಆದರೆ ಪುಸ್ತಕ ಈಗ ದ್ರುಪದನ ಕೈಗೆ ಬಂತು. ಮೂಗು ಮುರಿದವನೇ ಹಲ್ಲು ಮಸೆಯತೊಡಗಿದ. ದ್ರೋಣನನ್ನು ಕೊಲ್ಲುವ ಮಗ ಬೇಕೆಂದು ಯಜ್ಞ ಮಾಡಿದ. ಕುರುಕ್ಷೇತ್ರದಲ್ಲಿ 15ನೇ ದಿನ ಆ ಮಗ ಧೃಷ್ಟದ್ಯುಮ್ನ ಲೆಕ್ಕ ಚುಕ್ತಾ ಮಾಡಿದ. ನೋಡಲು ಅಪ್ಪ ಇರಲಿಲ್ಲ. ದ್ರೋಣನ ಬಾಣಕ್ಕೆ ಅಷ್ಟರಲ್ಲೇ ಸತ್ತಿದ್ದ.

ನನ್ನದು ಇಷ್ಟು ದೊಡ್ಡ ಕಥೆಯಲ್ಲ. ನನ್ನ ಮದುವೆಗೆ ಬಂದ ದೂರದ ನೆಂಟರೊಬ್ಬರು ನನ್ನ ಸಂಬಳ ಕೇಳಿ, ಎಲ್ಲರೆದುರು ಜೋರಾಗಿ ನಕ್ಕು, ಬಾಳೆಹಣ್ಣು ಸುಲಿಯುತ್ತಾ ಆಚೆ ಹೋದರು. "ಅವರ ಬಗ್ಗೆ ನನಗೆ ತಾತ್ಸಾರ, ಅಷ್ಟೆ" ಎಂದು 20 ವರ್ಷದಿಂದ ಹೆಂಡತಿಗೆ ಹೇಳುತ್ತಾ ಬಂದಿದ್ದೇನೆ.

"ಯಾವ ಬಾಳೆಹಣ್ಣು?" ಎಂದು ಅವಳೊಮ್ಮೆ ಸುಮ್ನೆ ಕೇಳಿದಳು.

"ಏಲಕ್ಕಿ" ಅಂದೆ, ತಕ್ಷಣ.

ಹೋದ ತಿಂಗಳು ಅವರ ಮಗಳ ಮದುವೆ. ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 101 ರೂಪಾಯಿ ಇತ್ತು. ನಾನು ಬೇಕಂತಲೇ ಕವರಿಗೆ 5001 ಹಾಕಿದೆ. ಜಾಸ್ತಿ ಆಯ್ತು ಅಂತ ಅಮ್ಮ ಗೊಣಗಿದರು. ಇಸ್ತ್ರಿ ಮುರಿಯದ ಶರ್ಟಿನಲ್ಲಿ ಸ್ಟೇಜ್ ಹತ್ತಿ ಅವರ ಕೈಗೇ ಕೊಟ್ಟೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಬಾಯ್ತುಂಬ ನಕ್ಕರು.

"ಬಂದಿದ್ದು ಬಹಳ ಸಂತೋಷ. ಊಟ ಮಾಡ್ಕೊಂಡೇ ಹೋಗ್ಬೇಕು. ತಾವು... ಹುಡುಗನ ಕಡೆಯವರಾ?"