ಅರ್ಥ ಕೇಳದೆ ನೋಡುವ ಹೊತ್ತು

ಗುರುತಿಸಬಹುದಾದ ಆಕೃತಿಯಿಲ್ಲದ ಅಮೂರ್ತ ಚಿತ್ರದ ಮುಂದೆ ನಿಂತವರು ಮೊದಲು ಕೇಳುವುದು ‘ಇದರ ಅರ್ಥವೇನು’ ಎಂದು. ನಾನೂ ಬಹಳ ವರ್ಷ ಅದನ್ನೇ ಕೇಳುತ್ತಿದ್ದೆ. ವಿ. ಎಸ್. ಗಾಯ್ತೊಂಡೆಯವರ ಒಂದು ಚಿತ್ರದ ಎದುರು ಅರ್ಧ ಗಂಟೆಗೂ ಮೀರಿ ನಿಂತ ಒಂದು ಮಧ್ಯಾಹ್ನ ಆ ಪ್ರಶ್ನೆ ತಾನಾಗಿಯೇ ಕಳಚಿಕೊಂಡಿತು. ದೂರದಿಂದ ಮಾಸಲು ಬಣ್ಣದ ಒಂದೇ ಹರವಿನಂತೆ ಕಂಡದ್ದು ನೋಡನೋಡುತ್ತ ಪದರ ಪದರವಾಗಿ ಬಿಚ್ಚಿಕೊಂಡಿತು. ಅಡಿಯ ಬಣ್ಣ ಮೇಲಿನದರ ಒಳಗಿಂದ ಇಣುಕಿ ಮತ್ತೆ ಮರೆಯಾಗುತ್ತಿತ್ತು. ಅಮೂರ್ತ ಕಲೆಯ ಅಧ್ಯಾತ್ಮ ಇರುವುದು ಬಿಡಿಸುವವರೂ ನೋಡುವವರೂ ಅದಕ್ಕೆ ಕೊಡುವ ಅವಧಾನದಲ್ಲಿ ಎಂದು ಅಂದಿನಿಂದ ನಾನು ನಂಬಿದ್ದೇನೆ.

1924ರಲ್ಲಿ ನಾಗಪುರದಲ್ಲಿ ಹುಟ್ಟಿದ ಗಾಯ್ತೊಂಡೆ ತಮ್ಮ ಚಿತ್ರಗಳನ್ನು ‘ಅಮೂರ್ತ’ ಎಂದು ಕರೆಯುವುದನ್ನು ಒಪ್ಪುತ್ತಿರಲಿಲ್ಲ. ಅವು ‘ವಸ್ತುರಹಿತ’ ಎನ್ನುತ್ತಿದ್ದರು. ಬೌದ್ಧರ ಝೆನ್ ಚಿಂತನೆಯೂ ರಮಣ ಮಹರ್ಷಿಗಳ ವಿಚಾರವೂ ಅವರಿಗೆ ಹತ್ತಿರವಾಗಿದ್ದವು. ರೋಲರಿನಿಂದ ಬಣ್ಣ ಹರಡಿ, ಪ್ಯಾಲೆಟ್ ಚಾಕುವಿನಿಂದ ಕೆರೆದು, ಅದರ ಮೇಲೆ ಮತ್ತೆ ಹಚ್ಚುತ್ತ ಅವರು ವರ್ಷಕ್ಕೆ ಐದಾರು ಕ್ಯಾನ್ವಾಸುಗಳನ್ನಷ್ಟೇ ಮುಗಿಸುತ್ತಿದ್ದರು. ಉಳಿದ ದಿನಗಳೆಲ್ಲ ಚಿತ್ರವು ಒಳಗೇ ಮಾಗಲೆಂದು ಕಾಯುವ ದಿನಗಳು. ಆ ಕಾಯುವಿಕೆಯನ್ನು ಸಾಧನೆ ಎಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಅಮೆರಿಕದ ಚಿತ್ರಕಾರ್ತಿ ಆಗ್ನೆಸ್ ಮಾರ್ಟಿನ್ ಅವರ ದಾರಿ ಇನ್ನೂ ನಿರಾಡಂಬರವಾದದ್ದು. ಆರು ಅಡಿ ಚೌಕದ ಕ್ಯಾನ್ವಾಸಿನ ಉದ್ದಗಲಕ್ಕೂ ಪೆನ್ಸಿಲಿನ ಗೆರೆಗಳು, ಅವುಗಳ ಹಿಂದೆ ತೀರಾ ತೆಳುವಾದ ಬಣ್ಣ. ಮೇಲ್ನೋಟಕ್ಕೆ ಮತ್ತೇನೂ ಇಲ್ಲ. ಹತ್ತಿರ ಹೋದರೆ ಬಟ್ಟೆಯ ನೇಯ್ಗೆಯ ಮೇಲೆ ಹಾಯುವಾಗ ಪ್ರತಿ ಗೆರೆಯೂ ಒಂದಿಷ್ಟು ನಡುಗಿರುವುದು ಕಾಣುತ್ತದೆ. ನೂರು ಸಲ ಅದೇ ಗೆರೆಯನ್ನು ಎಳೆದರೂ ಒಂದು ಗೆರೆ ಇನ್ನೊಂದರಂತಿಲ್ಲ. ಜಪ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1967ರಲ್ಲಿ ನ್ಯೂಯಾರ್ಕನ್ನೂ ಚಿತ್ರ ಬಿಡಿಸುವುದನ್ನೂ ಬಿಟ್ಟುಹೋದ ಆಕೆ ಮತ್ತೆ ಕುಂಚ ಹಿಡಿಯಲು ಹಲವು ವರ್ಷಗಳೇ ಬೇಕಾದವು.

ಯುರೋಪಿನಲ್ಲಿ ಅಮೂರ್ತ ಕಲೆ ಹುಟ್ಟಿದ್ದರಲ್ಲೇ ಅಧ್ಯಾತ್ಮದ ಹಂಬಲವಿತ್ತು ಎಂಬುದು ನಿಜ. ಸ್ವೀಡನ್ನಿನ ಚಿತ್ರಕಾರ್ತಿ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲಿ ಆರಂಭಿಸಿದ 193 ಚಿತ್ರಗಳ ಸರಣಿಯನ್ನು ಒಂದು ದೇಗುಲಕ್ಕೆಂದೇ ಕಲ್ಪಿಸಿಕೊಂಡಿದ್ದರು. ಡಚ್ ಚಿತ್ರಕಾರ ಮಾಂಡ್ರಿಯಾನ್ 1909ರಲ್ಲಿ, ಎಲ್ಲ ಧರ್ಮಗಳ ಹಿಂದಿನ ಒಂದೇ ಸತ್ಯವನ್ನು ಹುಡುಕುವ ಥಿಯಾಸಫಿಕಲ್ ಸೊಸೈಟಿಯ ಸದಸ್ಯರಾದರು. ರಷ್ಯಾದ ಚಿತ್ರಕಾರ ಕಾಂಡಿನ್ಸ್ಕಿ ಕಲೆಯಲ್ಲಿನ ಆತ್ಮತತ್ತ್ವದ ಬಗ್ಗೆ ಪುಸ್ತಕವನ್ನೇ ಬರೆದರು. ಆದರೆ ನೀಲಿಯೆಂದರೆ ದಿವ್ಯ ಎಂಬಂಥ ಕಾಂಡಿನ್ಸ್ಕಿಯ ಸೂತ್ರಗಳು ನನ್ನನ್ನು ಚಿತ್ರದಿಂದ ದೂರ ಮಾಡುತ್ತವೆ, ಏಕೆಂದರೆ ಬಣ್ಣಕ್ಕೊಂದು ನಿಘಂಟು ಸಿಕ್ಕ ಕೂಡಲೇ ಕಣ್ಣು ನೋಡುವುದನ್ನು ಬಿಟ್ಟು ಓದತೊಡಗುತ್ತದೆ. ನಮ್ಮ ಚಿತ್ರಕಾರ ಎಸ್. ಎಚ್. ರಝಾ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ದುಂಡನೆಯ ಬಿಂದುವಿಗೂ ಇದೇ ಆಗಿದೆ. ಚಂಚಲ ಹುಡುಗನಾಗಿದ್ದ ಅವರಿಗೆ ಶಾಲೆಯ ಗುರುಗಳೊಬ್ಬರು ಗೋಡೆಯ ಮೇಲೊಂದು ಚುಕ್ಕೆ ಇಟ್ಟು ಅದನ್ನೇ ನೋಡುತ್ತಿರಲು ಹೇಳಿದ್ದರು. ಬಿಂದುವಿನ ಕುರಿತ ಎಲ್ಲ ತತ್ತ್ವವ್ಯಾಖ್ಯಾನಗಳಿಗಿಂತ, ಏನನ್ನೂ ಸೂಚಿಸದ ಆ ಚುಕ್ಕೆಯೇ ನನಗೆ ದೊಡ್ಡದು.

ಅಮೆರಿಕದ ಹ್ಯೂಸ್ಟನ್ನಿನಲ್ಲಿ, ಚಿತ್ರಕಾರ ಮಾರ್ಕ್ ರಾಥ್ಕೊ ತೀರಿಕೊಂಡ ಮರುವರ್ಷ, ಅಂದರೆ 1971ರಲ್ಲಿ, ತೆರೆದ ಪ್ರಾರ್ಥನಾ ಮಂದಿರದಲ್ಲಿ ಅವರ 14 ಚಿತ್ರಗಳಿವೆ. ಎಲ್ಲ ಧರ್ಮದವರಿಗೂ, ಧರ್ಮವಿಲ್ಲದವರಿಗೂ ತೆರೆದಿರುವ ಆ ಎಂಟು ಮೂಲೆಯ ಕೋಣೆಗೆ ಬೆಳಕು ಬರುವುದು ಮೇಲಿನಿಂದ. ಒಳಗೆ ಬಂದವರಿಗೆ ಮೊದಲು ಕಾಣುವುದು ಬರೀ ಕಪ್ಪು. ಕುಳಿತು ಕಣ್ಣು ಹೊಂದಿಕೊಂಡಂತೆ ಅದರೊಳಗಿಂದ ನೇರಳೆಯೂ ಕಡುಗೆಂಪೂ ಎದ್ದುಬರುತ್ತವೆ. ಇದು ಕಣ್ಣಿನ ಸಹಜ ಗುಣವಷ್ಟೇ, ಇದರಲ್ಲಿ ಅಧ್ಯಾತ್ಮವೆಲ್ಲಿದೆ ಎಂದು ಗೆಳೆಯರೊಬ್ಬರು ಕೇಳಿದ್ದರು. ಉಸಿರಾಟವೂ ದೇಹದ ಸಹಜ ಗುಣವೇ. ಅದನ್ನು ಗಮನಿಸುತ್ತ ಕೂರುವುದನ್ನು ನಾವು ಧ್ಯಾನ ಎನ್ನುತ್ತೇವೆ.

ಆ ಕೋಣೆಯಲ್ಲಿ ಕೂರಲು ಬೆಂಚುಗಳಿವೆ. ಅಮೂರ್ತ ಚಿತ್ರಗಳನ್ನು ತೂಗುಹಾಕುವ ಗ್ಯಾಲರಿಗಳು ಪಕ್ಕದ ವಿವರಣೆಯ ಫಲಕವನ್ನು ತೆಗೆದು, ಎದುರಿಗೊಂದು ಬೆಂಚು ಹಾಕಿದರೆ ಸಾಕು ಎಂದು ನಾನು ಮನಸಾರೆ ಬಯಸುತ್ತೇನೆ.