ಕಾಫಿ ಜಿಲ್ಲೆಯ ನೊರೆ ಪುರಾಣ

ಚಿಕ್ಕಮಗಳೂರಿನಲ್ಲಿ ಈಗ ಯಾರ ಮನೆಗೆ ಹೋದರೂ ಕಾಫಿ ಕೇಳಬಾರದು. ಕೊಡುವುದಿಲ್ಲ ಅಂತಲ್ಲ. ಕೊಡುತ್ತಾರೆ, ಅರ್ಧ ಗಂಟೆ ಆದಮೇಲೆ, ಫೋಟೋ ತೆಗೆದಾದ ಮೇಲೆ, ಆರಿದ ಮೇಲೆ. ಹಿಂದೆಲ್ಲ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಲೋಟ ಕೈಗೆ ಬರುತ್ತಿತ್ತು. ಈಗ ಅಡುಗೆಮನೆಯಿಂದ ಮೊದಲು ಬರುವುದು ಕಿವಿ ಕೀರುವ ಶಬ್ದ, ಆಮೇಲೆ ಒಂದು 'ಅಯ್ಯೋ', ಆಮೇಲೆ ಸಿಂಕಿಗೆ ಹಾಲು ಚೆಲ್ಲುವ ಸದ್ದು, ಆಮೇಲೆ ಇನ್ನೊಂದು ಪ್ಯಾಕೆಟ್ ಕತ್ತರಿಸುವುದು.

ಲ್ಯಾಟೆ ಆರ್ಟ್, ಅಂದರೆ ಕಾಫಿಯ ಮೇಲೆ ಹಾಲಿನ ನೊರೆಯಲ್ಲಿ ಚಿತ್ರ ಬಿಡಿಸುವ ಕಲೆ, ಅದರ ಕಾರ್ಯಾಗಾರದ ಬ್ಯಾನರುಗಳನ್ನು ನೀವೂ ನೋಡಿದ್ದೀರಿ. ದೀಪ ಹಚ್ಚುವ ಬದಲು ಗಣ್ಯರೊಬ್ಬರು ಹಾಲು ಹೊಯ್ದು ಉದ್ಘಾಟನೆ ಮಾಡಿದ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಕಪ್ಪಿನಲ್ಲಿ ಮೂಡಿದ್ದು ಹೃದಯ ಎಂದು ವಿಡಿಯೋದ ಕೆಳಗೆ ಬರೆದಿದ್ದರಿಂದ ನಾವೂ ನಂಬಿದ್ದೇವೆ. 1670ರ ಸುಮಾರಿಗೆ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರೆಂದು ಪ್ರತೀತಿ. ಬೀಜದ ಜೊತೆಗೆ ಒಂದು ಸ್ಟೀಲ್ ಪಿಚರನ್ನೂ (ಹಾಲು ಹೊಯ್ಯುವ ಮೂತಿಯ ಜಗ್ಗು) ತಂದಿದ್ದರೆ ಜಿಲ್ಲೆ ಮುನ್ನೂರೈವತ್ತು ವರ್ಷ ಹೀಗೆ ಹಿಂದುಳಿಯುತ್ತಿರಲಿಲ್ಲ.

ಇಷ್ಟೆಲ್ಲ ಸಂಭ್ರಮದಲ್ಲಿ ಸಣ್ಣದೊಂದು ಕೊರತೆ ಇದೆ. ಯಾರಿಗೂ ಹಾಲು ನೊರೆ ಬರಿಸಲು ಬರುವುದಿಲ್ಲ. ಕೈ ಅಲ್ಲಾಡಿಸುವುದನ್ನು ಮಾತ್ರ ಎಲ್ಲರೂ ಕಲಿತಿದ್ದಾರೆ, ವಿಡಿಯೋದಲ್ಲಿ ಕಾಣುವುದು ಅದೇ ತಾನೇ. ಚಿತ್ರದ ಹಣೆಬರಹ ಕಾಫಿ ಮಷಿನ್ನಿನ ಹಬೆಯಲ್ಲಿ ಹಾಲನ್ನು ಸ್ಟೀಮ್ ಮಾಡುವಾಗಲೇ ಬರೆದಾಗಿರುತ್ತದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲು ಬೇಕು, 4–5 ಡಿಗ್ರಿಯದು. ತಣ್ಣಗಿದ್ದಷ್ಟೂ ಗಾಳಿ ಸೇರಿಸಲು ಹೊತ್ತು ಸಿಗುತ್ತದೆ. 350 ಮಿಲಿಯ ಪಿಚರಿಗೆ 150 ಮಿಲಿ ಹಾಲು ಸಾಕು. ಮೊದಲು ಸ್ಟೀಮ್ ಕೊಳವೆಯನ್ನು ಒದ್ದೆ ಬಟ್ಟೆಗೆ ಹಿಡಿದು ಎರಡು ಸೆಕೆಂಡ್ ಬಿಡಿ, ಒಳಗೆ ನಿಂತ ನೀರು ಹೋಗಲಿ. ಇಲ್ಲದಿದ್ದರೆ ಅದೂ ಹಾಲಿಗೇ. ಕೊಳವೆಯ ತುದಿ ಹಾಲಿನಲ್ಲಿ ಮುಳುಗಿಯೂ ಮುಳುಗದ ಹಾಗಿರಬೇಕು, ನಟ್ಟನಡುವೆ ಅಲ್ಲ, ಸ್ವಲ್ಪ ಬದಿಗೆ. ಆಗ 'ಚ್ಸ್... ಚ್ಸ್...' ಎಂದು ಸಣ್ಣಗೆ ಗಾಳಿ ಒಳಗೆ ಹೋಗುತ್ತದೆ. ಪಿಚರಿನ ಮೈ ಅಂಗೈಗೆ ತಣ್ಣಗೂ ಇಲ್ಲ, ಬಿಸಿಯೂ ಇಲ್ಲ ಅನಿಸಿದಾಗ, ಅಂದರೆ 37–38 ಡಿಗ್ರಿಗೆ, ಗಾಳಿ ಸಾಕು. ತುದಿಯನ್ನು ಇನ್ನೊಂದು ಸೆಂಟಿಮೀಟರ್ ಮುಳುಗಿಸಿ ಹಾಲು ಗರಗರ ಸುಳಿ ತಿರುಗುವಂತೆ ಹಿಡಿಯಿರಿ. ದೊಡ್ಡ ಗುಳ್ಳೆಗಳನ್ನು ಒಳಗೆಳೆದು ಒಡೆಯುವುದು ಆ ಸುಳಿಯೇ. ಪಿಚರ್ ಮುಟ್ಟಲಾಗದಷ್ಟು ಸುಡತೊಡಗಿದರೆ, 60 ಡಿಗ್ರಿಯ ಆಸುಪಾಸು, ಬಂದ್ ಮಾಡಿ. 70 ದಾಟಿದರೆ ನೊರೆ ಸಡಿಲ, ಸಿಹಿ ಮಾಯ.

ನೆಂಟರ ಕಿವಿ ಕೀರುವ ಆ ಶಬ್ದ ಇದೆಯಲ್ಲ, ಅದು ತುದಿ ತೀರಾ ಆಳದಲ್ಲಿದೆ ಎಂಬುದರ ಗುರುತು. ಗಾಳಿ ಹೋಗುತ್ತಿಲ್ಲ, ಹಾಲು ಬರೀ ಕಾಯುತ್ತಿದೆ. ಬುಳುಬುಳು ಎಂದು ಗುಳ್ಳೆ ಉಕ್ಕಿದರೆ ತುದಿ ಮೇಲೆ ಬಂದಿದೆ. ಅಗ್ಗದ ಮಷಿನ್ನಿನ ಕೊಳವೆಗೆ ಪಕ್ಕದಲ್ಲಿ ತೂತಿರುವ ಪ್ಲಾಸ್ಟಿಕ್ ಕವಚ ಇರುತ್ತದೆ. ಅದು ತನಗೆ ತಾನೇ ಗಾಳಿ ಎಳೆದುಕೊಂಡು ನೊರೆಯ ಗುಡ್ಡ ಎಬ್ಬಿಸುತ್ತದೆ. ಬಿಚ್ಚಲು ಬಂದರೆ ಬಿಚ್ಚಿಡಿ. ಆ ಗುಡ್ಡವನ್ನು ಚಮಚದಲ್ಲಿ ಎತ್ತಿ ಹಾಕಬಹುದೇ ಹೊರತು ಹೊಯ್ಯಲಾಗುವುದಿಲ್ಲ. ನಮಗೆ ಬೇಕಾದ ಹಾಲು ಆಯಿಲ್ ಪೇಂಟಿನ ಹಾಗೆ ಹೊಳೆಯಬೇಕು, ಪಿಚರನ್ನು ತಿರುಗಿಸಿದರೆ ಒಂದೇ ಮೈಯಾಗಿ ಹೊರಳಬೇಕು.

ಇನ್ನು ಅತ್ತೆ–ಸೊಸೆ ಪ್ರಕರಣ.

"ಹಾಲು ಕಾಯಿಸ್ದೆ ಯಾರಾದ್ರೂ ಕಾಫಿ ಮಾಡ್ತಾರೇನೆ?"

"ಪ್ಯಾಕೆಟ್ ಹಾಲು ಪಾಶ್ಚರೈಸ್ ಆಗಿರತ್ತೆ ಅತ್ತೆ."

"ಆಗಿರ್ಲಿ. ಕಾಯ್ಸು."

ಈ ಒಂದು ವಿಷಯದಲ್ಲಿ ಸೊಸೆಯೇ ಸರಿ. ಕಾಯಿಸಿ ಆರಿಸಿದ ಹಾಲಿನಲ್ಲಿ ಕೆನೆ ಕಟ್ಟುತ್ತದೆ, ಕೆನೆಯ ಚೂರು ಕೊಳವೆಯ ತೂತಿಗೆ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ಚಿತ್ರದ ಮೇಲೆ ತೇಲುತ್ತದೆ. ನೊರೆಯನ್ನು ಹಿಡಿದಿಡುವುದು ಹಾಲಿನ ಪ್ರೋಟೀನು, ಕೊಬ್ಬು ಇರುವುದು ರುಚಿಗೆ. 3% ಕೊಬ್ಬಿನ ಟೋನ್ಡ್ ಹಾಲು ಬೇಗ ನೊರೆ ಬರುತ್ತದೆ, ಕುಡಿದರೆ ಸಪ್ಪೆ. 6% ಫುಲ್ ಕ್ರೀಮ್ ಕುಡಿಯಲು ಸೊಗಸು, ನೊರೆ ಮಾತ್ರ ಭಾರ. ಹೋಮೊಜಿನೈಸ್ ಆದ, ಅಂದರೆ ಕೊಬ್ಬು ಬೇರ್ಪಡದಂತೆ ಸಣ್ಣ ಹನಿಗಳಾಗಿ ಬೆರೆಸಿದ, 4.5%ದ್ದು ಸಿಕ್ಕರೆ ಜಗಳವೇ ಇಲ್ಲ. ಯಾವುದಾದರೂ ಹಳೆಯದಾಗಿರಬಾರದು: ಕೊಬ್ಬು ಒಡೆದು ಆಮ್ಲ ಬಿಟ್ಟ ಹಾಲಿನಲ್ಲಿ ನೊರೆ ಎದ್ದಷ್ಟೇ ಬೇಗ ಕುಸಿಯುತ್ತದೆ.

ಮಳೆಗಾಲದ ಮಾತು ಬೇರೆ. ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆ ಜುಲೈ ತಿಂಗಳಲ್ಲಿ ಸ್ವಿಚ್ ಒತ್ತುವುದೇ ಒಂದು ಪ್ರಾರ್ಥನೆ. ಮಷಿನ್ ಮೇಲೆ 1350 ವ್ಯಾಟ್ ಎಂದು ಬರೆದಿರುತ್ತದೆ, ಅದು 230 ವೋಲ್ಟ್ ಇರುವ ಊರಿನವರಿಗೆ. ಲೈನಿನಲ್ಲಿ 170 ಇದ್ದರೆ ಶಾಖ ಅರ್ಧಕ್ಕೆ ಬಂತು, ಯಾಕೆಂದರೆ ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಸ್ಟೀಮ್ ಅಂತ ಬರುವುದು ನಿಟ್ಟುಸಿರು. ಇನ್ವರ್ಟರಿಗೆ ಹಾಕೋಣ ಎಂದು ಹೊರಟ ಧೀರರೂ ಇದ್ದಾರೆ. 850 ವಿಎ ಇನ್ವರ್ಟರು ಒಂದು ಸಲ ಕುಂಯ್ ಎಂದು ಮನೆಯನ್ನೆಲ್ಲ ಕತ್ತಲು ಮಾಡುತ್ತದೆ, ಬಲ್ಬೂ ಹೋಯಿತು, ಕಾಫಿಯೂ ಹೋಯಿತು. ಹಾಗಾದಾಗ ಗ್ಯಾಸಿನ ಮೇಲೆ ಹಾಲನ್ನು 60 ಡಿಗ್ರಿಗೆ ತಂದು, ಒತ್ತುವ ಜಾಲರಿ ಇರುವ ಕಾಫಿ ಜಾಡಿಯಾದ ಫ್ರೆಂಚ್ ಪ್ರೆಸ್‌ನಲ್ಲಿ ಮೂರನೇ ಒಂದು ಭಾಗ ತುಂಬಿ, ಹಿಡಿಯನ್ನು 20–30 ಸಲ ಒತ್ತಿದರೆ ಕೆಲಸ ನಡೆಯುತ್ತದೆ. ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವ ಅಜ್ಜಿಯನ್ನು ದಯವಿಟ್ಟು ಎಳೆದು ತರಬೇಡಿ. ಆ ನೊರೆಯ ಗುಳ್ಳೆ ದೊಡ್ಡದು, ಚಿತ್ರ ನಿಲ್ಲದು. ಅಜ್ಜಿಗೆ ಚಿತ್ರ ಬೇಕಾಗಿಯೂ ಇರಲಿಲ್ಲ.

ಹೊಯ್ಯುವುದರಲ್ಲಿ ಎರಡೇ ಮಾತು. ಕಪ್ಪು ಓರೆ ಹಿಡಿದು, ಮೊದಲು ಏಳೆಂಟು ಸೆಂಟಿಮೀಟರ್ ಎತ್ತರದಿಂದ ಸಣ್ಣ ಧಾರೆ; ಹಾಲು ಎಸ್ಪ್ರೆಸ್ಸೋದ, ಅಂದರೆ ಮಷಿನ್ನಿನ ಒತ್ತಡದಲ್ಲಿ ಇಳಿಸಿದ ಗಟ್ಟಿ ಕಾಫಿಯ, ಕಂದು ಪದರದ ಅಡಿಗೆ ಹೋಗಬೇಕು. ಅರ್ಧ ಕಪ್ಪು ತುಂಬಿದ ಮೇಲೆ ಪಿಚರಿನ ಮೂತಿಯನ್ನು ಕಾಫಿಗೆ ತಗುಲುವಷ್ಟು ಹತ್ತಿರ ತಂದು ಧಾರೆ ದಪ್ಪ ಮಾಡಬೇಕು, ಆಗ ಬಿಳಿ ಮೇಲೆ ಕೂರುತ್ತದೆ. ಒಂದೇ ಕಡೆ ಹೊಯ್ದು ಕೊನೆಗೆ ಪಿಚರ್ ಎತ್ತಿ ನಡುವೆ ಸಣ್ಣ ಗೆರೆ ಎಳೆದರೆ ಹೃದಯ, ಅಲ್ಲಾಡಿಸುತ್ತ ಹಿಂದೆ ಸರಿದು ಗೆರೆ ಎಳೆದರೆ ಎಲೆ. ಬಿಳಿ ಕಾಣಿಸಲೇ ಇಲ್ಲವೆಂದರೆ ಎತ್ತರ ಇಳಿಸಿಲ್ಲ. ಕಪ್ಪೆಲ್ಲ ಬೆಳ್ಳಗಾಯಿತೆಂದರೆ ಬೇಗ ಇಳಿಸಿದ್ದೀರಿ. ಫಿಲ್ಟರ್ ಡಿಕಾಕ್ಷನ್ನಿಗೆ ಆ ಕಂದು ಪದರವೇ ಇಲ್ಲ, ಅದರ ಮೇಲೆ ಹೊಯ್ದು ಹೊಯ್ದು ಕೈ ನೋಯಿಸಿಕೊಂಡವರಿಗೆ ನನ್ನ ಸಂತಾಪ.

ಬಿಡಿಸುವುದು ಏನನ್ನು? ಟ್ಯುಲಿಪ್, ಹಂಸ. ಆನೆ ಬಿಡಿಸಿದವರನ್ನು ಕಾಣೆ. ಬಿಡಿಸಿದರೆ, ತೋಟಕ್ಕೆ ನುಗ್ಗಿದ ಆನೆ ಓಡಿಸುವ ಆನೆ ಕಾರ್ಯಪಡೆಯವರು ಕಪ್ಪಿನ ಸುತ್ತ ಪಟಾಕಿ ಹಚ್ಚಬೇಕಾದೀತು, ಒಡೆದ ಸಾಸರಿಗೆ ಪರಿಹಾರದ ಅರ್ಜಿ ಕೊಡಬೇಕಾದೀತು. ಆಲೂರು, ಸಕಲೇಶಪುರದ ತೋಟಗಳಲ್ಲಿ ಕೂಲಿಗೆ ಹೋದವರು ಆನೆಗೆ ಸಿಕ್ಕಿ ಸತ್ತರೆ ಒಳಪುಟದಲ್ಲಿ ನಾಲ್ಕು ಸಾಲು. ಹಾಲಿನ ಮೇಲೆ ಎಲೆ ಮೂಡಿದರೆ ಮುಖಪುಟದಲ್ಲಿ ಬಣ್ಣದ ಫೋಟೋ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಕಾರ್ಯಾಗಾರಕ್ಕೆ ಬಂದವರಲ್ಲಿ ಒಬ್ಬರಾದರೂ ಕಪ್ಪಿನಲ್ಲಿರುವುದು ಯಾವ ತಳಿ ಎಂದು ಕೇಳುವುದಿಲ್ಲ. ಅದು ಎಸ್.795 ಅರೇಬಿಕಾ ಆದರೇನು, ರೊಬಸ್ಟಾ ಆದರೇನು, ಅರ್ಧಕ್ಕರ್ಧ ಚಿಕೋರಿ ಆದರೇನು, ಮೇಲೆ ಹಂಸ ಈಜುತ್ತಿದೆಯಲ್ಲ. ಬಿಳಿ ಕಾಂಡಕೊರಕ ಹುಳು ಬಿದ್ದ ಅರೇಬಿಕಾ ಗಿಡಗಳನ್ನು ಬೇರುಸಹಿತ ಕಿತ್ತು ತಾನೇ ಬೆಂಕಿ ಇಟ್ಟವನನ್ನು ವೇದಿಕೆ ಹತ್ತಿಸಿದ್ದು ಯಾರೂ ನೋಡಿಲ್ಲ. ಸಾಕಾಗಿದೆ. ಇದನ್ನು ನಗುತ್ತ ಬರೆಯಲು ಆಗುವುದಿಲ್ಲ.

ಕೊನೆಗೆ ನೆಂಟರ ಕಷ್ಟ. ಅಷ್ಟೆಲ್ಲ ಆಗಿ ಕಪ್ಪು ಎದುರಿಗೆ ಬರುತ್ತದೆ, ಫೋಟೋ ಮುಗಿಯುತ್ತದೆ, ದೊಡ್ಡಪ್ಪ ಒಂದು ಗುಟುಕು ಕುಡಿದು "ಸಕ್ರೆ ಹಾಕಿಲ್ವಾ ಮಾರಾಯ್ತಿ?" ಅನ್ನುತ್ತಾರೆ. ಚಮಚ ಮೂರು ಸುತ್ತು ತಿರುಗುತ್ತದೆ, ಹಂಸ ಹೋಗುತ್ತದೆ, ಮಾಡಿದವಳ ಮುಖ ಬಾಡುತ್ತದೆ. ಸಕ್ಕರೆಯನ್ನು ಹಾಲು ಹೊಯ್ಯುವ ಮೊದಲೇ ಎಸ್ಪ್ರೆಸ್ಸೋಗೆ ಹಾಕಿ ಕರಗಿಸಿಬಿಡಿ. ಎಷ್ಟು ಚಮಚ ಎಂದು ದೊಡ್ಡಪ್ಪನನ್ನು ಬಾಗಿಲಲ್ಲೇ ಕೇಳಿಕೊಳ್ಳಿ.